ಸ್ಟೇಟಸ್ 7: ಅಕ್ಕನ ಲ್ಯಾಪ್‌ಟಾಪ್ ಅಪ್‌ಡೇಟ್ ಬೇಡ ಎಂದದ್ದು ಯಾಕೆ?

ಕಳೆದ ಮಳೆಗಾಲದ ಒಂದು ಶನಿವಾರ ತೀರ್ಥಹಳ್ಳಿಯಿಂದ ಅಕ್ಕ ಫೋನ್ ಮಾಡಿದಳು. "ಎಂತದೋ ಫರ್ಮ್‌ವೇರ್ ಅಪ್‌ಡೇಟ್ ಅಂತೆ ಮಾರಾಯ. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಆಗಲಿಲ್ಲ. ರೀಸ್ಟಾರ್ಟ್ ಆಗ್ತದೆ, ಮತ್ತೆ ಅದನ್ನೇ ಕೇಳ್ತದೆ."

ಅಕ್ಕ ಹೈಸ್ಕೂಲ್ ಟೀಚರ್. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠದ ಟಿಪ್ಪಣಿ ಎಲ್ಲವೂ ಆ ಒಂದೇ ಲ್ಯಾಪ್‌ಟಾಪಿನಲ್ಲಿ ಇವೆ. 2019ರಲ್ಲಿ ಕೊಂಡದ್ದು. ವಿಂಡೋಸ್ ಜೊತೆಗೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂಡ ಇದೆ, ಅದನ್ನು ಹಾಕಿಕೊಟ್ಟವನು ನಾನು. ಫೋನ್ ಮಾಡುವ ಮೊದಲು ಅವಳು ಪೇಟೆಯ ಒಂದು ಅಂಗಡಿಗೂ ಹೋಗಿಬಂದಿದ್ದಳು. "ಬಯಾಸ್ ಚಿಪ್ ಹೋಗಿದೆ, ಬೋರ್ಡೇ ಬದಲಿಸಬೇಕು, 14 ಸಾವಿರ ಆಗುತ್ತೆ" ಎಂದಿದ್ದರಂತೆ. ಅವಳ ದನಿಯಲ್ಲಿ ಗಾಬರಿ ಇತ್ತು.

ನಾನು ಒಂದೇ ಪ್ರಶ್ನೆ ಕೇಳಿದೆ. "ಲ್ಯಾಪ್‌ಟಾಪ್ ಈಗ ಆನ್ ಆಗ್ತಾ ಇದೆಯಾ?"

"ಆಗ್ತದೆ. ಎಲ್ಲ ಮೊದಲಿನ ಹಾಗೇ ಇದೆ."

"ಹಾಗಾದ್ರೆ ಇನ್ನೊಂದ್ಸಲ ಒತ್ತಬೇಡ ಅಕ್ಕಾ. ನಾಳೆ ಬರ್ತೀನಿ."

ಬಯಾಸ್ ಚಿಪ್ ನಿಜವಾಗಿ ಹೋಗಿದ್ದರೆ ಲ್ಯಾಪ್‌ಟಾಪ್ ಆನ್ ಆಗುತ್ತಲೇ ಇರಲಿಲ್ಲ. ಪವರ್ ಬಟನ್ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಎದ್ದು ಕೂರುವುದು ಆ ಚಿಪ್ಪಿನಲ್ಲಿರುವ ಫರ್ಮ್‌ವೇರ್, ಬಯಾಸ್ ಎನ್ನುವುದೂ ಅದನ್ನೇ. ಅದು ಎದ್ದು ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲವನ್ನೂ ಮಾತಾಡಿಸಿದ ಮೇಲೆಯೇ ವಿಂಡೋಸ್ ಆಗಲಿ ಉಬುಂಟು ಆಗಲಿ ಬರುವುದು. ಅಕ್ಕನ ಲ್ಯಾಪ್‌ಟಾಪ್ ದಿನಾ ಎದ್ದು ಕೂರುತ್ತಿತ್ತು. ಅಂದರೆ ಚಿಪ್ಪೂ ಚೆನ್ನಾಗಿದೆ, ಅದರೊಳಗಿನ ಹಳೆಯ ಫರ್ಮ್‌ವೇರೂ ಚೆನ್ನಾಗಿದೆ.

ಅಪ್‌ಡೇಟ್ ಆಗಲಿಲ್ಲ ಎನ್ನುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಬರೆಯಲು ಶುರುಮಾಡಿ ಅರ್ಧಕ್ಕೆ ನಿಂತದ್ದು. ಇನ್ನೊಂದು, ಶುರುವೇ ಆಗದೆ ಬಾಗಿಲಲ್ಲೇ ವಾಪಸ್ ಆದದ್ದು. ಮೊದಲನೆಯದು ನಿಜವಾದ ಆಪತ್ತು. ಎರಡನೆಯದರಲ್ಲಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಆದರೆ ಪರದೆಯ ಮೇಲೆ ಬರುವುದು ಇನ್‌ಸ್ಟಾಲ್ ಆಗಲಿಲ್ಲ ಎಂಬ ಮಾತಷ್ಟೇ, ಯಾಕೆ ಎಂದು ಹೇಳುವುದಿಲ್ಲ. ಜನ ಹೆದರುವುದು ಅದಕ್ಕೇ. ಹೆದರಿದವರು ಮತ್ತೆ ಮತ್ತೆ ಒತ್ತುತ್ತಾರೆ, ಇಲ್ಲ ಎಲ್ಲಿಂದಲೋ ಫೈಲ್ ಇಳಿಸಿಕೊಂಡು ಬರುತ್ತಾರೆ. ಕೇಡು ಆಗುವುದು ಅಲ್ಲಿಂದ ಮುಂದೆ.

ಈ ಅಪ್‌ಡೇಟ್ ಬಿಟ್ಟುಬಿಟ್ಟರೆ ಆಗಲ್ವಾ ಎಂದು ಅಕ್ಕ ಕೇಳಿದ್ದಳು. ಎಷ್ಟೋ ಫರ್ಮ್‌ವೇರ್ ಅಪ್‌ಡೇಟುಗಳನ್ನು ಬಿಡಬಹುದು, ನಿಜ. ಇದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಅದರ ವಿವರಣೆಯಲ್ಲಿ ಭದ್ರತೆಯ ಕೆಲವು ತೂತುಗಳನ್ನು ಮುಚ್ಚಿದ್ದೇವೆ ಎಂದಿತ್ತು. ಜೊತೆಗೆ ಸೆಕ್ಯೂರ್ ಬೂಟ್‌ಗೆ ಬೇಕಾದ 2023ರ ಹೊಸ ಸರ್ಟಿಫಿಕೇಟುಗಳನ್ನು (ಯಾರ ಸಹಿಯನ್ನು ನಂಬಬೇಕು ಎಂದು ಹೇಳುವ ಗುರುತುಪತ್ರಗಳು) ಸೇರಿಸಿದ್ದೇವೆ ಎಂದೂ ಇತ್ತು. ಬೂಟ್ ಆಗುವಾಗಲೇ, ಅಂದರೆ ಆನ್ ಆಗಿ ಏಳುವಾಗಲೇ, ಕಳ್ಳ ಸಾಫ್ಟ್‌ವೇರ್ ನುಸುಳದಂತೆ ಕಾಯುವ ವ್ಯವಸ್ಥೆ ಸೆಕ್ಯೂರ್ ಬೂಟ್. ಅದು ನಂಬಿಕೊಂಡಿದ್ದ ಮೈಕ್ರೋಸಾಫ್ಟಿನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅವಧಿ ಮುಗಿದ ದಿನ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ಆದರೆ ಹೊಸ ಸರ್ಟಿಫಿಕೇಟ್ ಇಲ್ಲದಿದ್ದರೆ ಆಮೇಲೆ ಬರುವ ಬೂಟ್ ಭದ್ರತೆಯ ತಿದ್ದುಪಡಿಗಳು ಅದಕ್ಕೆ ಸಿಗುವುದಿಲ್ಲ. ಅಕ್ಕ ಇನ್ನೂ ನಾಲ್ಕೈದು ವರ್ಷ ಇದರಲ್ಲೇ ಕೆಲಸ ಮಾಡುವವಳು.

ಭಾನುವಾರ ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೊರಟೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಾಗ ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

ಮೊದಲು ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದೆ. ಅದರಲ್ಲಿ ಫರ್ಮ್‌ವೇರ್ ಎಂಬ ಸಾಲಿದೆ. ಬಿಡಿಸಿದರೆ ಸಿಸ್ಟಮ್ ಫರ್ಮ್‌ವೇರ್ ಪಕ್ಕದಲ್ಲಿ ಹಳದಿ ತ್ರಿಕೋನ, ಕೋಡ್ 10. ಈ ಸಾಧನ ಶುರುವಾಗುತ್ತಿಲ್ಲ ಎನ್ನುವುದು ಅದರ ಅರ್ಥ. ನೋಡಿದವರಿಗೆ ಚಿಪ್ಪೇ ಕೆಟ್ಟಿದೆ ಅನ್ನಿಸುವುದು ಸಹಜ. ಅಂಗಡಿಯವರು ನೋಡಿದ್ದೂ ಇದನ್ನೇ ಇರಬೇಕು. ಆದರೆ ಫರ್ಮ್‌ವೇರ್ ಸಾಲಿನಲ್ಲಿ ಕೋಡ್ 10 ಬಂದರೆ, ಹಿಂದಿನ ಅಪ್‌ಡೇಟ್ ಪ್ರಯತ್ನ ಫಲಿಸಲಿಲ್ಲ ಎಂದಷ್ಟೇ ತಿಳಿಯಬೇಕು. ಯಾಕೆ ಫಲಿಸಲಿಲ್ಲ ಎನ್ನುವುದನ್ನು ಬೇರೆ ಕಡೆ ಹುಡುಕಬೇಕು.

ಅದು ಎಲ್ಲಿರುತ್ತದೆ ಎಂದು ತಿಳಿಯಲು ಅಪ್‌ಡೇಟ್ ನಡೆಯುವ ಬಗೆ ಗೊತ್ತಿರಬೇಕು. ಈಗಿನ ಯಂತ್ರಗಳಲ್ಲಿ ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ಇರುತ್ತದೆ. ಇವುಗಳಲ್ಲಿ ವಿಂಡೋಸ್ ಅಥವಾ ಉಬುಂಟು ಆ ಚಿಪ್ಪಿಗೆ ನೇರವಾಗಿ ಕೈಹಾಕುವುದಿಲ್ಲ. ಹೊಸ ಫರ್ಮ್‌ವೇರನ್ನು ಒಂದು ಪೊಟ್ಟಣ ಕಟ್ಟಿ ಒಪ್ಪಿಸಿ, ರೀಸ್ಟಾರ್ಟ್ ಮಾಡಿ ಸುಮ್ಮನಾಗುತ್ತದೆ. ಆ ಪೊಟ್ಟಣಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಅದನ್ನು ಬಿಚ್ಚುವುದು ಹಳೆಯ ಫರ್ಮ್‌ವೇರ್. ಬಿಚ್ಚುವ ಮೊದಲು ಅದು ತಯಾರಕರ ಡಿಜಿಟಲ್ ಸಹಿ ಸರಿಯಾಗಿದೆಯೇ, ಈ ಮಾಡೆಲ್ಲಿಗೇ ಸೇರಿದ್ದೇ, ವರ್ಷನ್ ಹಿಂದಿನದೇ ಮುಂದಿನದೇ, ಕರೆಂಟ್ ಸಾಕಷ್ಟಿದೆಯೇ ಎಂದೆಲ್ಲ ನೋಡುತ್ತದೆ. ಒಂದು ಸರಿಯಿಲ್ಲದಿದ್ದರೂ ಬರೆಯುವುದಿಲ್ಲ. ಬರೆಯದಿದ್ದ ಕಾರಣವನ್ನು ಒಂದು ಅಂಕಿಯಾಗಿ ಗುರುತು ಹಾಕಿ, ತನ್ನ ಪಾಡಿಗೆ ವಿಂಡೋಸನ್ನು ಎಬ್ಬಿಸುತ್ತದೆ.

ಆ ಅಂಕಿ ಇರುವ ಪಟ್ಟಿಗೆ ಇಎಸ್‌ಆರ್‌ಟಿ ಎಂದು ಹೆಸರು. ಅದನ್ನು ಫರ್ಮ್‌ವೇರೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಅಪ್‌ಡೇಟ್ ಹಾಕಿದ್ದು ವಿಂಡೋಸಿನಿಂದ ಆದರೂ ಕಾರಣವನ್ನು ಉಬುಂಟುವಿನಲ್ಲಿ ಓದಬಹುದು. ವಿಂಡೋಸಿನಲ್ಲಿ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯೊಳಗೆ ಹುಡುಕಬೇಕು. ಉಬುಂಟುವಿನಲ್ಲಿ ಅದೊಂದು ಫೋಲ್ಡರಿನ ಹಾಗೆ ಕಾಣುತ್ತದೆ, ಒಳಗೆ ಪುಟ್ಟ ಪುಟ್ಟ ಫೈಲುಗಳು. ಒಂದರಲ್ಲಿ ಈಗಿರುವ ವರ್ಷನ್, ಒಂದರಲ್ಲಿ ಕೊನೆಯ ಸಲ ಪ್ರಯತ್ನಿಸಿದ ವರ್ಷನ್, ಇನ್ನೊಂದರಲ್ಲಿ ಆ ಪ್ರಯತ್ನದ ಫಲ, ಅಂದರೆ ಸ್ಟೇಟಸ್. 0 ಇದ್ದರೆ ಆಗಿದೆ ಎಂದರ್ಥ. 1 ಇದ್ದರೆ ಆಗಿಲ್ಲ, ಕಾರಣ ಹೇಳುವುದಿಲ್ಲ. 2 ಜಾಗ ಅಥವಾ ಮೆಮೊರಿ ಸಾಲಲಿಲ್ಲ, 3 ವರ್ಷನ್ ಹೊಂದುತ್ತಿಲ್ಲ, 4 ಫೈಲೇ ಸರಿಯಿಲ್ಲ, 5 ಸಹಿ ಸರಿಯಿಲ್ಲ, 6 ಚಾರ್ಜರ್ ಹಾಕಿಲ್ಲ, 7 ಬ್ಯಾಟರಿ ಸಾಲದು.

ಉಬುಂಟುವಿಗೆ ಹೋಗಿ ಆ ಫೈಲ್ ತೆರೆದೆ. ಒಳಗೆ ಒಂದೇ ಅಂಕಿ ಇತ್ತು: 7.

ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರ ಎಷ್ಟು ತೋರಿಸುತ್ತಿದೆ ಎಂದು ನೋಡಿದೆ. ಚಿತ್ರವೇ ಇರಲಿಲ್ಲ. ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಎತ್ತಿದೆ. ಹಗುರವಾಗಿತ್ತು.

"ಬ್ಯಾಟರಿ ಎಲ್ಲಿ ಅಕ್ಕಾ?"

"ಅದು ಉಬ್ಬಿತ್ತು ಕಣೋ. ಟಚ್‌ಪ್ಯಾಡ್ ಮೇಲೆದ್ದು ಒತ್ತಕ್ಕೇ ಆಗ್ತಿರಲಿಲ್ಲ. ಏಪ್ರಿಲ್‌ನಲ್ಲಿ ಅಂಗಡಿಯಲ್ಲಿ ತೆಗೆಸಿದೆ. ಚಾರ್ಜರ್ ಹಾಕಿದ್ರೆ ನಡೀತದಲ್ಲ, ಸಾಕು ಅಂತ ಬಿಟ್ಟೆ."

ಉಬ್ಬಿದ ಬ್ಯಾಟರಿ ತೆಗೆಸಿದ್ದು ಸರಿ, ಅದನ್ನು ಹಾಗೇ ಬಿಟ್ಟರೆ ಬೆಂಕಿ ಹತ್ತುವ ಅಪಾಯ ಇರುತ್ತದೆ. ಆದರೆ ಈ ಲ್ಯಾಪ್‌ಟಾಪಿನ ಫರ್ಮ್‌ವೇರಿಗೆ ಚಾರ್ಜರ್ ಒಂದೇ ಸಾಲದು. ಬ್ಯಾಟರಿ ಇರಲೇಬೇಕು, ಅದರಲ್ಲಿ ಒಂದು ಮಟ್ಟಕ್ಕಿಂತ ಜಾಸ್ತಿ ಚಾರ್ಜೂ ಇರಬೇಕು. ನಾಲ್ಕು ಸಲವೂ ಅದು ಬ್ಯಾಟರಿ ಹುಡುಕಿದೆ, ಸಿಕ್ಕಿಲ್ಲ, ಬರೆಯದೆ ಬಿಟ್ಟಿದೆ.

ಪಿಯುಸಿ ಓದುವ ಅಕ್ಕನ ಮಗ ಪಕ್ಕದಲ್ಲೇ ಕೂತು ನೋಡುತ್ತಿದ್ದ. "ಮಾಮ, ಈ ಚೆಕಿಂಗ್ ಎಲ್ಲ ಬಿಟ್ಟು ಫೋರ್ಸ್ ಮಾಡಿ ಹಾಕಬಹುದಂತಲ್ಲ? ನಾನು ಬಯಾಸ್ ಫೈಲೂ ಇಳಿಸಿಟ್ಟಿದೀನಿ" ಎಂದು ಪೆನ್‌ಡ್ರೈವ್ ತೋರಿಸಿದ. ಯಾಕೆ ಬೇಡ ಎಂದು ಹೇಳಲು ಶುರುಮಾಡಿದೆ. ಚಿಪ್ಪಿನಲ್ಲಿರುವುದನ್ನು ಅಳಿಸಿ ಹೊಸದು ಬರೆಯುವಾಗ ಕೆಲವು ನಿಮಿಷ ಹಳೆಯದೂ ಪೂರ್ತಿ ಇರುವುದಿಲ್ಲ, ಹೊಸದೂ ಪೂರ್ತಿ ಇರುವುದಿಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಅದರ ಜೊತೆಗೇ ಕಪ್ಪಾಯಿತು. ಫ್ಯಾನಿನ ಸದ್ದೂ ನಿಂತಿತು. ಹುಡುಗ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಮಳೆಗಾಲದಲ್ಲಿ ಅಲ್ಲಿ ಇದು ದಿನಾ ನಡೆಯುವುದು.

ಆ ಗಳಿಗೆಯಲ್ಲಿ ಚಿಪ್ಪಿನ ಬರವಣಿಗೆ ನಡೆಯುತ್ತಿದ್ದರೆ ಪರಿಸ್ಥಿತಿ ಬೇರೆಯೇ ಆಗುತ್ತಿತ್ತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಫರ್ಮ್‌ವೇರಿನ ಇನ್ನೊಂದು ಪ್ರತಿ ಇರುತ್ತದೆ, ಇಲ್ಲವೇ ಯಾವುದೋ ಕೀಗಳನ್ನು ಒತ್ತಿಹಿಡಿದು ಪೆನ್‌ಡ್ರೈವಿನಿಂದ ಮತ್ತೆ ತುಂಬುವ ದಾರಿ ಇರುತ್ತದೆ. ಅದೂ ಇಲ್ಲದಿದ್ದರೆ ಬೋರ್ಡ್ ಬಿಚ್ಚಿ, ಎಂಟು ಕಾಲಿನ ಆ ಪುಟ್ಟ ಚಿಪ್ಪಿಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಎಂಬ ಸಾಧನದಿಂದ ಬರೆಯಬೇಕು. ಕೆಲವು ಚಿಪ್ಪುಗಳಿಗೆ 3.3 ವೋಲ್ಟ್, ಕೆಲವಕ್ಕೆ 1.8 ವೋಲ್ಟ್. 1.8ರ ಚಿಪ್ಪಿಗೆ 3.3 ಕೊಟ್ಟರೆ ಅದು ಸುಟ್ಟೇ ಹೋಗಬಹುದು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಜಗತ್ತಿನ ಎಷ್ಟೋ ಕಂಪ್ಯೂಟರುಗಳ ಬಯಾಸ್ ಮೇಲೆ ಕಸ ಬರೆದು ಹಾಕಿತ್ತು. ಅವು ಮತ್ತೆ ಆನ್ ಆಗಲೇ ಇಲ್ಲ, ಚಿಪ್ ಬದಲಿಸಬೇಕಾಯಿತು, ಇಲ್ಲವೇ ಹೊರಗಿನಿಂದ ಬರೆಸಬೇಕಾಯಿತು. ಬ್ಯಾಟರಿ ಇಲ್ಲ ಎಂದು ಹಟ ಹಿಡಿದ ಈ ಲ್ಯಾಪ್‌ಟಾಪ್ ನಾಲ್ಕು ಸಲ ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಹುಡುಗ ತಂದಿದ್ದ ಫೈಲ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ತಯಾರಕರ ಜಾಗದಿಂದ ಬಂದದ್ದಲ್ಲ, ಡ್ರೈವರುಗಳನ್ನು ಗುಡ್ಡೆ ಹಾಕಿಟ್ಟ ಯಾವುದೋ ಸೈಟಿನದು. ಮಾಡೆಲ್ ಹೆಸರು ಒಂದೇ ಇತ್ತು, ಕೊನೆಯ ಎರಡು ಅಕ್ಷರ ಬೇರೆ. ಒಂದೇ ಹೆಸರಿನಲ್ಲಿ ಒಳಗಿನ ಬೋರ್ಡ್ ಬೇರೆ ಬೇರೆ ಇರುವ ಲ್ಯಾಪ್‌ಟಾಪುಗಳು ಬೇಕಾದಷ್ಟಿವೆ. ಅವನಿಗೆ ಲ್ಯಾಪ್‌ಟಾಪಿನ ಅಡಿಯ ಸ್ಟಿಕ್ಕರ್ ತೋರಿಸಿ, ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಲು ಹೇಳಿದೆ. ನೋಡಿದ ಮೇಲೆ ಆ ಫೈಲನ್ನು ಅವನೇ ಅಳಿಸಿದ.

ಬ್ಯಾಟರಿಗೆ ಒಂದು ವಾರ ಹಿಡಿಯಿತು. ಹಿಂದಿನ ಬ್ಯಾಟರಿಯ ಮೇಲಿದ್ದ ಪಾರ್ಟ್ ನಂಬರ್ ಕೊಟ್ಟು ಶಿವಮೊಗ್ಗದಲ್ಲಿ ತರಿಸಿದೆ, 3,200 ರೂಪಾಯಿ. ಮುಂದಿನ ಭಾನುವಾರ ಹಾಕಿ, ಪೂರ್ತಿ ಚಾರ್ಜ್ ಮಾಡಿ, ಬಯಾಸ್ ಪರದೆಗೆ ಹೋಗಿ ನೋಡಿದೆ. ಅಲ್ಲಿಯೂ 100 ಎಂದು ತೋರಿಸುತ್ತಿತ್ತು. ಇದನ್ನು ಬಯಾಸ್‌ನಲ್ಲೇ ನೋಡುವುದು ಒಳ್ಳೆಯದು, ಯಾಕೆಂದರೆ ತೀರ್ಮಾನ ಮಾಡುವುದು ಅದೇ.

ಈ ಸಲ ಉಬುಂಟುವಿನಿಂದ ಹಾಕೋಣ ಎಂದುಕೊಂಡೆ. ಅಲ್ಲಿ ಎಫ್‌ಡಬ್ಲ್ಯುಅಪ್‌ಡಿ ಎಂಬ ಸಾಧನ ಇದೆ. ತಯಾರಕರು ತಾವೇ ಫರ್ಮ್‌ವೇರ್ ತಂದಿಡುವ ಎಲ್‌ವಿಎಫ್‌ಎಸ್ ಎಂಬ ಉಗ್ರಾಣದಿಂದ ಅದು ತರುತ್ತದೆ. ಎರಡನ್ನೂ ಶುರುಮಾಡಿದವರು ರೆಡ್ ಹ್ಯಾಟ್‌ನ ರಿಚರ್ಡ್ ಹ್ಯೂಸ್. ನನಗೆ ಇದು ಇಷ್ಟವಾಗಲು ಕಾರಣ, ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಇದು ನೇರವಾಗಿ ಹೇಳುತ್ತದೆ.

ಹೇಳಿತು. ಇಎಫ್‌ಐ ಪಾರ್ಟಿಷನ್ನಿನಲ್ಲಿ ಜಾಗ ಇಲ್ಲ, ಬೇಕಾದದ್ದು 33 ಎಂಬಿ, ಇರುವುದು 21 ಎಂಬಿ. ಲ್ಯಾಪ್‌ಟಾಪ್ ಏಳಲು ಬೇಕಾದ ಫೈಲುಗಳಿಗೆಂದು ಡಿಸ್ಕಿನಲ್ಲಿ ಬೇರೆಯೇ ಬಿಟ್ಟ ಸಣ್ಣ ಭಾಗ ಅದು.

ಅಕ್ಕನ ಮುಖ ಸಪ್ಪೆಯಾಯಿತು. "ಮತ್ತೆ ಅದೇನಾ?" ಅದೇ ಅಲ್ಲ. ಮೊದಲ ತೊಡಕು ಬಿಡಿಸಿದ ಮೇಲೆ ಅದರ ಹಿಂದೆ ಇದ್ದ ಎರಡನೆಯದು ಕಂಡಿತ್ತು. ವಿಂಡೋಸ್ ಕ್ಯಾಪ್ಸೂಲನ್ನು ಮೆಮೊರಿಯ ಮೂಲಕ ಒಪ್ಪಿಸುತ್ತದೆ. ಉಬುಂಟು ಅದನ್ನು ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಇಟ್ಟು ರೀಸ್ಟಾರ್ಟ್ ಮಾಡುತ್ತದೆ. ಹಾಗಾಗಿ ಮೊದಲ ನಾಲ್ಕು ಸಲ ಈ ಜಾಗದ ಮಾತೇ ಬಂದಿರಲಿಲ್ಲ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಆ ಪಾರ್ಟಿಷನ್ 100 ಎಂಬಿಯದು, ಬಳಸಲು ಸಿಗುವುದು 96. ಒಳಗೆ ಏನೇನಿದೆ ಎಂದು ಒಂದೊಂದಾಗಿ ಅಳೆದೆವು. ವಿಂಡೋಸಿನ ಬೂಟ್ ಫೋಲ್ಡರ್ 27 ಎಂಬಿ. ಉಬುಂಟುವಿನದು 6. ಬೂಟ್ ಎಂಬ ಇನ್ನೊಂದು ಫೋಲ್ಡರ್ 1. ತಯಾರಕರ ಹೆಸರಿನ ಫೋಲ್ಡರ್ ಮಾತ್ರ 41. ಅದರೊಳಗೆ ಯಂತ್ರ ಪರೀಕ್ಷೆಯ ಒಂದು ಸಾಧನ ಮತ್ತು ಬಯಾಸಿನ ಎರಡು ಪ್ರತಿ, ತಲಾ 16 ಎಂಬಿ. ಹೆಸರಿನಲ್ಲೇ ವರ್ಷನ್ ಇತ್ತು. ಒಂದು ಈಗ ಯಂತ್ರದಲ್ಲಿರುವುದು, ಇನ್ನೊಂದು ಅದಕ್ಕಿಂತ ಹಿಂದಿನದು.

ಇಲ್ಲಿ ಆತುರ ಮಾಡಬಾರದು. ಕೆಲವು ಲ್ಯಾಪ್‌ಟಾಪುಗಳು ಅಪ್‌ಡೇಟ್ ಕೆಟ್ಟರೆ ಇದೇ ಫೋಲ್ಡರಿನ ಪ್ರತಿಯನ್ನು ತೆಗೆದುಕೊಂಡು ಚೇತರಿಸಿಕೊಳ್ಳುತ್ತವೆ. ಹಾಗಾಗಿ ಈಗಿನ ವರ್ಷನ್ ಪ್ರತಿಯನ್ನು ಮುಟ್ಟಲಿಲ್ಲ. ಇಡೀ ಪಾರ್ಟಿಷನ್ನನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಹಿಂದಿನ ಪ್ರತಿ ಒಂದನ್ನು ಮಾತ್ರ ಅಳಿಸಿದೆ. ಮೈಕ್ರೋಸಾಫ್ಟ್ ಮತ್ತು ಉಬುಂಟು ಫೋಲ್ಡರುಗಳಲ್ಲಿ ಏನನ್ನೂ ಅಳಿಸಬಾರದು, ಅಳಿಸಿದರೆ ಆ ವ್ಯವಸ್ಥೆ ಮತ್ತೆ ಏಳುವುದಿಲ್ಲ.

ಅಳಿಸಿದ ಮೇಲೂ ಜಾಗ 21 ಎಂಬಿಯೇ ಇತ್ತು! ಎರಡು ಸಲ ನೋಡಿದೆ, ಅಷ್ಟೇ. ಆಮೇಲೆ ಹೊಳೆಯಿತು. ಫೈಲ್ ಮ್ಯಾನೇಜರಿನಿಂದ ಅಳಿಸಿದ್ದರಿಂದ ಅದು ಅದೇ ಪಾರ್ಟಿಷನ್ನಿನಲ್ಲಿ ಕಾಣದ ಕಸದ ಫೋಲ್ಡರ್ ಒಂದನ್ನು ಮಾಡಿಕೊಂಡು ಅಲ್ಲಿ ಕೂತಿತ್ತು. ಅಡಗಿದ ಫೈಲುಗಳನ್ನು ತೋರಿಸು ಎಂದಾಗ ಕಂಡಿತು. ಅದನ್ನೂ ತೆಗೆದ ಮೇಲೆ 37 ಎಂಬಿ ಆಯಿತು. ಬೇಕಾದದ್ದಕ್ಕಿಂತ 4 ಎಂಬಿ ಜಾಸ್ತಿ, ಅಷ್ಟು ಸಾಕು.

ಮತ್ತೆ ಹಾಕಿದಾಗ ಎಫ್‌ಡಬ್ಲ್ಯುಅಪ್‌ಡಿ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿದೆ), ರಿಕವರಿ ಕೀ ಕೈಯಲ್ಲಿ ಇದೆಯಾ ನೋಡಿಕೊಳ್ಳಿ ಎಂದು. ಇದನ್ನು ಓದದೆ ಮುಂದೆ ಹೋದವರು ತುಂಬಾ ಕಷ್ಟಪಟ್ಟಿದ್ದಾರೆ. ಡಿಸ್ಕಿಗೆ ಈ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ತನ್ನ ಬೀಗವನ್ನು ಫರ್ಮ್‌ವೇರಿನ ಗುರುತಿಗೆ ಕಟ್ಟಿಕೊಂಡಿರುತ್ತದೆ. ಫರ್ಮ್‌ವೇರ್ ಬದಲಾದರೆ ಗುರುತೂ ಬದಲಾಗಬಹುದು, ಆಗ ಅದು 48 ಅಂಕಿಯ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿರುವ ಯಾವುದೂ ಸಿಗುವುದಿಲ್ಲ. ಅಕ್ಕನಿಗೆ ತನ್ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದೇ ಗೊತ್ತಿರಲಿಲ್ಲ, ಹೊಸ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಅದು ತಾನಾಗಿಯೇ ಆನ್ ಆಗಿರುತ್ತದೆ. ಅಪ್‌ಡೇಟನ್ನು ಅಲ್ಲೇ ನಿಲ್ಲಿಸಿ ವಿಂಡೋಸಿಗೆ ಹೋದೆವು. ಅವಳ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಕೀ ಸಿಕ್ಕಿತು. ಅವಳು ಓದಿದಳು, ನಾನು ಆರಾರು ಅಂಕಿಯ ಎಂಟು ಗುಂಪಾಗಿ ಬರೆದುಕೊಂಡೆ, ಆಮೇಲೆ ನಾನು ಓದಿದೆ, ಅವಳು ಸರಿನೋಡಿದಳು. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ಆ ಒಂದು ಚೀಟಿಯ ಮೇಲೆ ನಿಂತಿದ್ದವು. ಚೀಟಿಯನ್ನು ಬೀರುವಿನಲ್ಲಿ ಮನೆಪತ್ರಗಳ ಜೊತೆ ಇಟ್ಟು, ಪ್ರಶ್ನೆಪತ್ರಿಕೆಗಳನ್ನೆಲ್ಲ ಬೇರೆ ಡಿಸ್ಕಿಗೂ ಹಾಕಿಕೊಂಡೆವು. ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು ವಾಪಸ್ ಉಬುಂಟುವಿಗೆ ಬಂದೆ.

ಮಳೆ ನಿಂತಿತ್ತು. ಚಾರ್ಜರ್ ಇನ್ವರ್ಟರಿನ ಪ್ಲಗ್ಗಿನಲ್ಲಿ, ಬ್ಯಾಟರಿ 98. ಮೌಸ್, ಪೆನ್‌ಡ್ರೈವ್ ಎಲ್ಲ ಕಿತ್ತೆ. ಅಪ್‌ಡೇಟ್ ಕೊಟ್ಟೆ.

ರೀಸ್ಟಾರ್ಟ್ ಆಯಿತು. ತಯಾರಕರ ಚಿಹ್ನೆಯ ಕೆಳಗೆ ಸಣ್ಣ ಪಟ್ಟಿಯೊಂದು ಬಂದು ನಿಧಾನಕ್ಕೆ ತುಂಬತೊಡಗಿತು. ಈ ಪಟ್ಟಿಯನ್ನು ಅಕ್ಕ ಇದೇ ಮೊದಲು ನೋಡಿದ್ದು. ಫ್ಯಾನ್ ಜೋರಾಗಿ ತಿರುಗಿತು. ನೂರು ಮುಟ್ಟಿ, ಪರದೆ ಕಪ್ಪಾಯಿತು. ಅರ್ಧ ನಿಮಿಷ ಹೋಯಿತು, ಒಂದು ನಿಮಿಷ ಹೋಯಿತು. ಪವರ್ ಬಟನ್ನಿನ ದೀಪ ಮಾತ್ರ ಉರಿಯುತ್ತಿತ್ತು. ಅಕ್ಕ "ಸತ್ತೋಯ್ತಾ?" ಎನ್ನುತ್ತಾ ಬಟನ್ ಕಡೆಗೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ. "ಮುಟ್ಟಬೇಡ ಅಕ್ಕಾ, ಮೆಮೊರಿನ ಹೊಸದಾಗಿ ಗುರುತು ಹಿಡೀತಾ ಇದೆ."

ಹೊಸ ಫರ್ಮ್‌ವೇರ್ ಮೊದಲ ಸಲ ಎದ್ದಾಗ ಮೆಮೊರಿಯ ವೇಗ, ಸಮಯ ಎಲ್ಲವನ್ನೂ ಮತ್ತೆ ಅಳೆದು ಹೊಂದಿಸಿಕೊಳ್ಳಬೇಕಾಗಬಹುದು. ಆಗ ಪರದೆಯಲ್ಲಿ ಏನೂ ಇರುವುದಿಲ್ಲ. ಕೆಲವು ಯಂತ್ರಗಳಲ್ಲಿ ಇದಕ್ಕೆ ಹಲವು ನಿಮಿಷ ಬೇಕು. ಬಾಗಿಲಲ್ಲಿ ವಾಪಸ್ ಆದ ಅಪ್‌ಡೇಟಿನಿಂದ ಏನೂ ಆಗದು. ಆದರೆ ಚೆನ್ನಾಗಿ ನಡೆಯುತ್ತಿರುವ ಅಪ್‌ಡೇಟನ್ನು ಈ ಕಪ್ಪು ಪರದೆಗೆ ಹೆದರಿ ಬಟನ್ ಒತ್ತಿ ಕೆಡಿಸಿಕೊಳ್ಳಬಹುದು. ನಾನು ಅರ್ಧ ಗಂಟೆ ಕಾಯುತ್ತೇನೆ ಎಂದು ಮೊದಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ. ಅಷ್ಟು ಬೇಕಾಗಲಿಲ್ಲ. ಸುಮಾರು ಮೂರು ನಿಮಿಷಕ್ಕೆ ಚಿಹ್ನೆ ಮತ್ತೆ ಬಂತು, ಇನ್ನೊಮ್ಮೆ ತಾನಾಗಿ ರೀಸ್ಟಾರ್ಟ್ ಆಯಿತು, ಉಬುಂಟು ಎದ್ದಿತು.

ಅದೇ ಪುಟ್ಟ ಫೈಲನ್ನು ತೆರೆದೆ. 7 ಇದ್ದಲ್ಲಿ 0 ಇತ್ತು. ಈಗಿನ ವರ್ಷನ್, ಕೊನೆಗೆ ಪ್ರಯತ್ನಿಸಿದ ವರ್ಷನ್ ಎರಡೂ ಒಂದೇ. ವಿಂಡೋಸ್ ಕೂಡ ಕೀ ಕೇಳದೆ ತೆರೆದುಕೊಂಡಿತು. ಡಿವೈಸ್ ಮ್ಯಾನೇಜರಿನ ಹಳದಿ ತ್ರಿಕೋನ ಹೋಗಿತ್ತು. ಬಿಟ್‌ಲಾಕರ್ ಮತ್ತೆ ಜಾರಿಯಾಗಿದೆಯಾ ಎಂದು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ಹೊರಡುವಾಗ ಅಕ್ಕ ಹಿತ್ತಲ ಕಡೆಯ ಅಟ್ಟದಿಂದ ಒಂದು ಪ್ಲಾಸ್ಟಿಕ್ ಕವರ್ ಇಳಿಸಿಕೊಟ್ಟಳು. ಒಳಗೆ ಆ ಉಬ್ಬಿದ ಬ್ಯಾಟರಿ. ಏಪ್ರಿಲ್‌ನಿಂದ ಒಣಸೌದೆಯ ಪಕ್ಕದಲ್ಲೇ ಇತ್ತು. ಅದರ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿ ಇಟ್ಟು, ಅಂಗಳದ ಮೂಲೆಯಲ್ಲಿ ಮಳೆ ಬೀಳದ ಕಡೆ ಇರಿಸಿ ಬಂದೆ. ಬಸ್ಸಿನಲ್ಲಿ ತರುವ ವಸ್ತು ಅದಲ್ಲ. ಮರುವಾರ ಸ್ನೇಹಿತನ ಕಾರಿನಲ್ಲಿ ಹೋಗಿ ತಂದು ಶಿವಮೊಗ್ಗದಲ್ಲಿ ಇ-ಕಸ ತೆಗೆದುಕೊಳ್ಳುವವರಿಗೆ ಕೊಟ್ಟೆ.

ದಸರಾ ರಜೆಯ ಹೊತ್ತಿಗೆ ಅಕ್ಕ ಮತ್ತೆ ಫೋನ್ ಮಾಡಿದಳು. "ಇನ್ನೊಂದು ಫರ್ಮ್‌ವೇರ್ ಕೇಳ್ತಾ ಇದೆ ಕಣೋ. ಬ್ಯಾಟರಿ 94 ಇದೆ. ಕೀ ಚೀಟಿ ಬೀರುವಿನಲ್ಲೇ ಇದೆ. ಆ ಇಎಫ್‌ಐ ಜಾಗ ಎಲ್ಲಿ ನೋಡೋದು ಅಂತ ಹೇಳು, ಆಮೇಲೆ ಹಾಕ್ತೀನಿ."